ಅಮ್ಮನ ಕೌದಿಯೂ ಹತ್ತೊಂಬತ್ತು ಸಾಲಿನ ಕಳ್ಳತನವೂ

ಮೊದಲೇ ಹೇಳಿಬಿಡುತ್ತೇನೆ. ನಮ್ಮಮ್ಮನ ಕೌದಿಯ ಪ್ರಾಣ ತೆಗೆದದ್ದು ನಾನೇ. ಉದ್ದೇಶ ಮಾತ್ರ ಒಳ್ಳೆಯದೇ ಇತ್ತು. ನಮ್ಮ ಮನೆಯಲ್ಲಿ ಇದುವರೆಗೆ ಆದ ಅನಾಹುತಗಳೆಲ್ಲ ನನ್ನ ಒಳ್ಳೆಯ ಉದ್ದೇಶದಿಂದಲೇ ಆದವು ಎಂದು ನಮ್ಮನೆಯವಳು ಹೇಳುತ್ತಾಳೆ. ಅದಿರಲಿ.

ನಾನು ನೀರು ಸರಬರಾಜು ಕಚೇರಿಯ ಪ್ರಗತಿ ವಿಭಾಗದಲ್ಲಿ ಗುಮಾಸ್ತ. ಇಪ್ಪತ್ತಾರು ವರ್ಷದಿಂದ ಪ್ರತಿ ಶನಿವಾರ ವಾರದ ವರದಿ ತಯಾರಿಸುತ್ತಾ ಬಂದಿದ್ದೇನೆ. ಗುರಿ ಎಷ್ಟು, ಸಾಧನೆ ಎಷ್ಟು, ಬಾಕಿ ಎಷ್ಟು, ಶೇಕಡಾ ಎಷ್ಟು. ಊರಿನ ನಲ್ಲಿಗಳಲ್ಲಿ ನೀರು ಬಂತೋ ಇಲ್ಲವೋ ಅದು ಬೇರೆ ವಿಭಾಗದವರ ತಲೆನೋವು. ನನ್ನ ವರದಿಯಲ್ಲಿ ಮಾತ್ರ ಒಂದು ವಾರವೂ ನೀರು ನಿಂತದ್ದಿಲ್ಲ. ಈ ಸೇವೆಯನ್ನು ಮೆಚ್ಚಿ ಕಚೇರಿಯವರು ನನಗೆ 'ಶೇಕಡಾ ಸಾರ್' ಎಂದು ಹೆಸರಿಟ್ಟಿದ್ದಾರೆ. ಅದು ಹೇಗೋ ನಮ್ಮ ಮೂರಂತಸ್ತಿನ ಕಟ್ಟಡಕ್ಕೂ ಬಂದು ಸೇರಿಕೊಂಡಿದೆ.

ಒಂದು ಭಾನುವಾರ ನಮ್ಮನೆಯವಳು ತವರಿಗೆ ಹೋಗಿದ್ದಳು. ಆ ದಿನದ ಗುರಿಯಾಗಿ ನಾನು 'ಮನೆಯ ಸಮಗ್ರ ಶುಚಿತ್ವ' ಎಂದು ಬರೆದುಕೊಂಡೆ. ಪರದೆ ಆಯಿತು, ದಿಂಬಿನ ಚೀಲ ಆಯಿತು, ಕೊನೆಗೆ ಅಮ್ಮನ ಕೌದಿಯನ್ನು ಮಡಿಸಿ ವಾಷಿಂಗ್ ಮಷೀನಿಗೆ ತುರುಕಿದೆ. ನಲವತ್ತು ವರ್ಷದ ಹಿಂದೆ ಅಮ್ಮ ತನ್ನ ಕೈಯಾರೆ ಹೊಲಿದ ಕೌದಿ ಅದು. ನಾಲ್ಕು ಪದರ ಹಳೇ ಬಟ್ಟೆ, ಮೇಲೆ ಬಣ್ಣದ ತುಂಡು, ಹೊದ್ದರೆ ಎದೆ ಮೇಲೆ ಒಬ್ಬರು ಕೂತಷ್ಟು ಭಾರ. ಮಷೀನು ಹತ್ತು ನಿಮಿಷ ನರಳಿತು. ಆಮೇಲೆ ಬಚ್ಚಲಿನಿಂದ ಬಾಗಿಲ ತನಕ ತಾನಾಗಿ ನಡೆದು ಬಂದು ನಿಂತುಬಿಟ್ಟಿತು. ಮುಚ್ಚಳ ತೆಗೆದರೆ ಒಳಗೆ ಕೌದಿ ಇಲ್ಲ. ನೆನೆದ ಚಿಂದಿ, ನೂಲಿನ ಸಿಕ್ಕು, ಅಷ್ಟೇ.

ಅಮ್ಮನಿಗೆ ಎಂಬತ್ತೊಂದು. ಎರಡೂ ಕಣ್ಣಿಗೆ ಪೊರೆ ಬಂದು ಬೆಳಕು, ನೆರಳು, ಮನುಷ್ಯರ ಆಕಾರ ಇಷ್ಟೇ ಕಾಣುತ್ತದೆ. ಉಳಿದದ್ದನ್ನೆಲ್ಲ ಬೆರಳಿನಿಂದ ನೋಡುತ್ತಾಳೆ. ಚಿಂದಿಯನ್ನು ಮುಟ್ಟಿ ಮುಟ್ಟಿ ನೋಡಿದಳು.

"ಹೋಯ್ತು," ಅಂದಳು.

ಅಷ್ಟೇ ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ಮಾರನೆಯ ದಿನ ಊರಿಂದ ಬಂದ ನಮ್ಮನೆಯವಳು ನನಗೆ ಬೈಯಬೇಕಾದ್ದನ್ನು ಬೈದು ಮುಗಿಸಿ, ಅಂಗಡಿಯಿಂದ ಮೆತ್ತನೆಯ ಹೊಸ ಕಂಬಳಿ ತಂದಳು. ಅಮ್ಮ ಹೊದ್ದು ನೋಡಿದಳು.

"ಇದ್ಯಾಕೆ, ಹೊದ್ರೂ ಹೊದ್ದ ಹಾಗೇ ಇಲ್ಲ? ಗಾಳೀನ ಮೈಮೇಲೆ ಹಾಕ್ಕೊಂಡ ಹಾಗಿದೆ."

ಅಂದಿನಿಂದ ಅಮ್ಮನ ನಿದ್ದೆ ಹಾರಿಹೋಯಿತು. ಬೆಳಿಗ್ಗೆ ಎದ್ದು ನೋಡಿದರೆ ಗೋಡೆಗೆ ಒರಗಿ ಕೂತೇ ಇರುತ್ತಿದ್ದಳು. ನಾನು ಸುಮ್ಮನಿರಲಿಲ್ಲ. ಭಾರ ತಾನೇ ಬೇಕಾದ್ದು ಎಂದು ಕಚೇರಿಯಿಂದ ಮೂರು ಹಳೇ ರಿಜಿಸ್ಟರ್ ತಂದು ಕಂಬಳಿಯ ಮೇಲೆ ಜೋಡಿಸಿದೆ. ಅಮ್ಮ ಪಕ್ಕಕ್ಕೆ ಹೊರಳಿದಾಗ ಅವು ಧಡ್ ಎಂದು ಬಿದ್ದವು, ಕೆಳಗಿನ ಮನೆಯ ಔಷಧಿ ಅಂಗಡಿಯವರು ಏನಾಯ್ತು ಎಂದು ಓಡಿಬಂದರು. ಎಂಬತ್ತೊಂದು ವರ್ಷದ ಮುದುಕಿ ನಿದ್ದೆಯಿಲ್ಲದೆ ಸೊರಗುತ್ತಿದ್ದಾಳೆ, ಕಾರಣ ನಾನು. ಇನ್ನೆರಡು ತಿಂಗಳಿಗೆ ಚಳಿ ಬೇರೆ ಶುರು. ಮುಂದಿನ ವಾರ ಮಂಗಳವಾರ ಊಟಕ್ಕೆ ಕೂತಾಗ ಘೋಷಿಸಿಬಿಟ್ಟೆ.

"ಎಂಟು ವಾರ. ಎಂಟೇ ವಾರದಲ್ಲಿ ಅಮ್ಮನಿಗೆ ಹೊಸ ಕೌದಿ ನಾನೇ ಹೊಲಿದು ಕೊಡ್ತೀನಿ."

ನಮ್ಮನೆಯವಳು ನೀರು ಕುಡಿಯುತ್ತಿದ್ದಳು. ನೆತ್ತಿಗೆ ಹತ್ತಿ ಎರಡು ನಿಮಿಷ ಕೆಮ್ಮಿದಳು.

"ರೀ, ನಿಮ್ಮ ಅಂಗಿಯ ಗುಂಡಿ ಕಿತ್ತುಹೋಗಿ ತಿಂಗಳಾಯ್ತು. ಅಲ್ಲಿ ಸ್ಟೇಪ್ಲರ್ ಪಿನ್ನು ಹೊಡ್ಕೊಂಡು ಓಡಾಡ್ತಿದ್ದೀರಿ. ನೀವು ಕೌದಿ ಹೊಲೀತೀರಾ?"

"ಹೊಲೀತೀನಿ. ಕಳೆದದ್ದು ನಾನು, ತುಂಬಿಕೊಡೋನೂ ನಾನೇ. ನನ್ನ ಬಿಟ್ಟು ಬೇರೆ ಯಾರೂ ಅದಕ್ಕೆ ಒಂದೇ ಒಂದು ಹೊಲಿಗೆ ಹಾಕಕೂಡದು. ನೀನೂ ಅಷ್ಟೇ, ಅಮ್ಮನೂ ಅಷ್ಟೇ."

"ನಾನಂತೂ ಹಾಕಲ್ಲಪ್ಪ," ಅಂದಳು ಅಮ್ಮ. ಬಹಳ ಸಾಧುವಾಗಿ ಅಂದಳು. ಆ ಸಾಧುತನವನ್ನು ನಾನು ಅಂದೇ ಅನುಮಾನಿಸಬೇಕಿತ್ತು.

ಕೆಲಸಕ್ಕೆ ಮೊದಲು ಯೋಜನೆ. ಕಚೇರಿಯ ದಪ್ಪ ಹಾಳೆಯಲ್ಲಿ ಗೆರೆ ಎಳೆದು ಪಟ್ಟಿ ಮಾಡಿದೆ. ಮೊದಲ ವಾರ ಹಳೇ ಬಟ್ಟೆ ಸಂಗ್ರಹ. ಎರಡನೇ ವಾರ ಕತ್ತರಿಸಿ, ಪದರ ಹಾಸಿ, ಕದಲದಂತೆ ಅಲ್ಲಲ್ಲಿ ಟಾಕು ಹಾಕುವುದು. ಕೌದಿಯ ಅಗಲ ಐದಡಿ, ಅಂದರೆ ಅರವತ್ತು ಅಂಗುಲ. ಅಂಗುಲಕ್ಕೊಂದು ಸಾಲಿನಂತೆ ಅರವತ್ತು ಸಾಲು ಹೊಲಿಗೆ. ಮೂರನೇ ವಾರದಿಂದ ಏಳನೇ ವಾರದವರೆಗೆ ವಾರಕ್ಕೆ ಹನ್ನೆರಡು ಸಾಲು, ದಿನಕ್ಕೆರಡರಂತೆ, ಭಾನುವಾರ ರಜೆ. ಎಂಟನೇ ವಾರ ಅಂಚು ಕಟ್ಟಿ ಹಸ್ತಾಂತರ. ಯಾರೂ ನೋಡದ ವರದಿ ವರದಿಯೇ ಅಲ್ಲ ಎಂಬುದು ನನ್ನ ನಂಬಿಕೆ. ಹಾಗಾಗಿ ಪಟ್ಟಿಯನ್ನು ಮುಂಬಾಗಿಲ ಹೊರಗಡೆ, ಮೆಟ್ಟಿಲು ಹತ್ತುವವರ ಕಣ್ಣಿಗೆ ಬೀಳುವ ಹಾಗೆ ಅಂಟಿಸಿದೆ.

ಮೊದಲ ಎರಡು ವಾರ ಶೇಕಡಾ ನೂರು. ನನ್ನ ನಾಲ್ಕು ಪ್ಯಾಂಟು, ಎರಡು ಪರದೆ, ನಮ್ಮನೆಯವಳ ಒಂದಷ್ಟು ಬಟ್ಟೆ, ಎಲ್ಲ ತುಂಡಾದವು. ಅದರಲ್ಲೊಂದು ಹಳೆಯದಲ್ಲ, ಹೊಸದು ಎಂದು ಆಮೇಲೆ ಗೊತ್ತಾಯಿತು. ಆ ವಿಷಯ ಇಲ್ಲಿ ಬೇಡ.

ಮೂರನೇ ವಾರ ಸೂಜಿ ಹಿಡಿದೆ. ಸಂಜೆ ಆರಕ್ಕೆ ಕಚೇರಿಯಿಂದ ಬಂದು ಕಾಫಿ ಕುಡಿದು ಅಮ್ಮನ ಮಂಚದ ಪಕ್ಕ ನೆಲದ ಮೇಲೆ ಕೂತರೆ ಎಂಟೂವರೆ ತನಕ ಏಳುತ್ತಿರಲಿಲ್ಲ. ಸೋಮವಾರ ಸೂಜಿಗೆ ಹೆದರಿಕೊಂಡು ನಿಧಾನಕ್ಕೆ ಹೊಲಿದೆ. ಗುರುವಾರದ ಹೊತ್ತಿಗೆ ಹಿಂದೆ ಬಿದ್ದಿದ್ದೆ. ಶುಕ್ರವಾರ, ಶನಿವಾರ ಸೂಜಿಗೆ ರೆಕ್ಕೆ ಬಂತು. ಶನಿವಾರ ಸಂಜೆ ಎಣಿಸಿದರೆ ಕರೆಕ್ಟಾಗಿ ಹನ್ನೆರಡು ಸಾಲು! ಬಾಗಿಲ ಪಟ್ಟಿಯಲ್ಲಿ 'ಶೇಕಡಾ 100' ಎಂದು ಕೆಂಪು ಶಾಯಿಯಲ್ಲಿ ಬರೆದೆ.

ಮೂರನೇ ಮಹಡಿಯ ಸಂಗೀತದ ಮೇಡಂ ತಮ್ಮ ಬೆಕ್ಕನ್ನು ಎತ್ತಿಕೊಂಡು ಮೆಟ್ಟಿಲು ಹತ್ತುತ್ತಿದ್ದವರು ನಿಂತು ಓದಿದರು.

"ಸಾರ್, ನೀವೇನಾ ಹೊಲೀತಿರೋದು?"

"ನಾನೇ ಮೇಡಂ."

"ಅದ್ಭುತ! ನಮ್ಮನೆಯವರು ಸಾಕ್ಸು ಹಾಕ್ಕೊಳ್ಳೋಕೂ ನನ್ನ ಕರೀತಾರೆ."

ನನ್ನ ಎದೆ ಎರಡು ಅಂಗುಲ ಉಬ್ಬಿತು.

ನಾಲ್ಕನೇ ವಾರವೂ ಎಡಬಿಡದೆ ಹೊಲಿದೆ. ಬೆರಳಿಗೆ ಏಳು ಕಡೆ ಚುಚ್ಚಿಕೊಂಡೆ. ಎಣಿಕೆ ಮಾತ್ರ ಶನಿವಾರವೇ. ವಾರದ ಮಧ್ಯೆ ಎಣಿಸುವುದು ನಮ್ಮ ವಿಭಾಗದ ಪದ್ಧತಿಯಲ್ಲ. ಶನಿವಾರ ಕೌದಿ ಹರಡಿ, ಅಂಚಿನಿಂದ ಬೆರಳಿಟ್ಟು ಎಣಿಸಿದೆ. ಹೋದ ವಾರ ಹನ್ನೆರಡು, ಈ ವಾರ ಹನ್ನೆರಡು, ಇಪ್ಪತ್ತನಾಲ್ಕು ಇರಬೇಕು. ಇದ್ದದ್ದು ಹದಿನೈದು.

ಮತ್ತೆ ಎಣಿಸಿದೆ. ಹದಿನೈದು. ಆ ಕಡೆಯಿಂದ ಎಣಿಸಿದೆ. ಆಗಲೂ ಹದಿನೈದೇ.

ಇಪ್ಪತ್ತಾರು ವರ್ಷದ ಸೇವೆಯಲ್ಲಿ ಆಗದ ಕೆಲಸ ಆಗಿದೆ ಎಂದು ಬರೆದದ್ದುಂಟು. ಆದ ಕೆಲಸ ತಾನಾಗಿ ಹಿಂದಕ್ಕೆ ಹೋದದ್ದನ್ನು ಮಾತ್ರ ನಾನು ಕಂಡಿರಲಿಲ್ಲ.

"ಎಣಿಸೋದ್ರಲ್ಲಿ ತಪ್ಪಿರ್ಬೇಕು," ಅಂದಳು ನಮ್ಮನೆಯವಳು.

"ಎಣಿಸೋದ್ರಲ್ಲಿ? ನಾನು? ಇದನ್ನ ಬೇರೆಯವರು ಅಂದಿದ್ರೆ ಆ ಮಾತೇ ಬೇರೆ ಇರ್ತಿತ್ತು!"

ಕನ್ನಡಕ ಹಾಕಿಕೊಂಡು ನೋಡಿದೆ. ಸಾಲು ಇದ್ದ ಜಾಗದಲ್ಲಿ ಸೂಜಿಯ ತೂತು ಇದೆ, ನೂಲಿಲ್ಲ. ಒಂದು ಎಳೆಯೂ ಇಲ್ಲ. ಯಾರೋ ನಾಜೂಕಾಗಿ ಎಳೆದುಕೊಂಡು ಹೋಗಿದ್ದಾರೆ.

"ಕಳ್ಳತನ," ಅಂದೆ.

"ಅಯ್ಯೋ ಪಾಪ. ಎಷ್ಟು ಸಾಲು ಹೋಯ್ತಪ್ಪಾ?" ಮಂಚದ ಮೇಲಿಂದ ಅಮ್ಮ ಕೇಳಿದಳು.

"ಒಂಬತ್ತು ಕಣಮ್ಮ!"

"ಒಂಬತ್ತೇನಾ? ಸರಿಯಾಗಿ ಎಣಿಸಿದ್ಯಾ?"

"ಒಂಬತ್ತೇ!"

"ಹಾಂ, ಒಂಬತ್ತೇ ಇರುತ್ತೆ ಬಿಡು," ಅಂದಳು.

ಸೋಮವಾರ ಬೆಳಿಗ್ಗೆ ಕಟ್ಟಡದ ಸಂಘದ ಕಾರ್ಯದರ್ಶಿಯನ್ನು ಕಂಡೆ. ನಿವೃತ್ತ ರೈಲ್ವೆ ಗಾರ್ಡ್ ಅವರು. ಕಟ್ಟಡವನ್ನು ಇನ್ನೂ ರೈಲು ಎಂದೇ ತಿಳಿದಿದ್ದಾರೆ. ಕೊರಳಲ್ಲಿ ಸೀಟಿ ಇರುತ್ತದೆ. ವಿಷಯ ಕೇಳಿದ್ದೇ ತಡ, ಸೀಟಿ ಊದಿ ಮೆಟ್ಟಿಲ ಮೇಲೇ ತುರ್ತು ಸಭೆ ಕರೆದರು.

"ಬಾಗಿಲು ಮುರಿದಿಲ್ಲ, ಬಟ್ಟೆ ಹೋಗಿಲ್ಲ, ಹೊಲಿಗೆ ಮಾತ್ರ ಹೋಗಿದೆ. ಇದು ಮನುಷ್ಯರ ಕೆಲಸ ಅಲ್ಲ," ಎಂದು ಕಾರ್ಯದರ್ಶಿ ಗಂಭೀರವಾಗಿ ಹೇಳಿ ಸಂಗೀತದ ಮೇಡಂ ಕಡೆ ನೋಡಿದರು. ಮೇಡಂ ಕಡೆ ಅಲ್ಲ, ಅವರ ತೋಳಿನಲ್ಲಿದ್ದ ಬೆಕ್ಕಿನ ಕಡೆ.

ಮೇಡಂ ಮುಖ ಕೆಂಪಾಯಿತು. "ಏನ್ ಸಾರ್, ಹೀಗೆ ನೋಡ್ತೀರಿ? ನನ್ನ ಬೆಕ್ಕು ಸಾಲು ಹಿಡಿದು ನೂಲು ಬಿಚ್ಚುತ್ತಾ? ಅದಕ್ಕೆ ಅಷ್ಟು ಶಿಸ್ತಿದ್ದಿದ್ರೆ ನನ್ನ ಶಿಷ್ಯಂದಿರ ಬದಲು ಅದಕ್ಕೇ ಪಾಠ ಹೇಳ್ತಿದ್ದೆ!"

"ಅದರ ಉಗುರು ತೋರಿಸಿ ನೋಡೋಣ."

"ಮೊದಲು ನಿಮ್ಮ ಉಗುರು ತೋರಿಸಿ!"

ಅಷ್ಟರಲ್ಲಿ ಔಷಧಿ ಅಂಗಡಿಯವರು ತುಂಬಾ ಸಂಕೋಚದಿಂದ ಕೈಯೆತ್ತಿದರು. ದೇಹ ಭಾರಿ, ದನಿ ಸಣ್ಣದು.

"ಹೇಳ್ಬಾರ್ದು ಅಂದ್ಕೊಂಡಿದ್ದೆ... ಹೋದ ಬುಧವಾರ ನನ್ನ ಪ್ಯಾಂಟಿನ ಹಿಂದಿನ ಹೊಲಿಗೇನೂ ಹೋಗಿದೆ. ಅಂಗಡೀಲಿ ಬಗ್ಗಿ ಡಬ್ಬ ಎತ್ತೋವಾಗ ನೋಡ್ಕೊಂಡೆ."

ಒಬ್ಬರಲ್ಲ, ಇಬ್ಬರು ಸಂತ್ರಸ್ತರು. ಮಧ್ಯಾಹ್ನದೊಳಗೆ ಕಾರ್ಯದರ್ಶಿ ಕೆಳಗಿನ ಗೇಟಿಗೆ ಫಲಕ ಹಾಕಿದರು: 'ಎಚ್ಚರಿಕೆ! ಕಟ್ಟಡದಲ್ಲಿ ಹೊಲಿಗೆ ಕಳ್ಳರ ಹಾವಳಿ. ತಮ್ಮ ತಮ್ಮ ಉಡುಪುಗಳಿಗೆ ತಾವೇ ಜವಾಬ್ದಾರರು.' ಅಂದು ಸಂಜೆ ಇಡೀ ಕಟ್ಟಡದವರು ಬಾಲ್ಕನಿಯಲ್ಲಿ ನಿಂತು ತಮ್ಮ ತಮ್ಮ ಕಂಕುಳು ಪರೀಕ್ಷಿಸಿಕೊಳ್ಳುತ್ತಿದ್ದರು.

ನಾನು ಬೀಗದವನನ್ನು ಕರೆಸಿ ಹೊಸ ಬೀಗ ಹಾಕಿಸಿದೆ. ಹಗಲು ನಾನು ಕಚೇರಿಗೆ, ನಮ್ಮನೆಯವಳು ಗ್ರಂಥಾಲಯದ ಕೌಂಟರಿಗೆ. ಮನೆಯಲ್ಲಿ ಅಮ್ಮ ಒಬ್ಬಳೇ. ಕೌದಿಯನ್ನು ಕಬ್ಬಿಣದ ಬೀರುವಿನಲ್ಲಿಟ್ಟು ಮೊಹರು ಮಾಡಬೇಕೆಂದಿದ್ದೆ. ಅಮ್ಮ ಒಪ್ಪಲಿಲ್ಲ.

"ಬೀರು ಯಾಕೋ? ನನ್ನ ಮಂಚದ ಮೇಲೇ ಇರ್ಲಿ. ಕಾಲ ಹತ್ರ ಹಾಕ್ಕೊಂಡು ಕೂತಿರ್ತೀನಿ. ನನ್ನ ದಾಟಿ ಯಾರು ಮುಟ್ತಾರೆ?"

ನನ್ನ ಕಣ್ಣಲ್ಲಿ ನೀರು ಬಂತು. ನಿದ್ದೆಗೆಟ್ಟ ಮುದುಕಿ, ಕಣ್ಣು ಮಂಜು, ಆದರೂ ಮಗನ ಸಾಧನೆಯನ್ನು ಕಾಯುತ್ತೇನೆ ಅನ್ನುತ್ತಾಳೆ! ಪಟ್ಟಿಯಲ್ಲಿ ಹೊಸ ಕಾಲಂ ಎಳೆದು 'ಕಾವಲು: ಅಮ್ಮ' ಎಂದು ಬರೆದೆ.

ಐದನೇ ವಾರ ರೋಷದಿಂದ ಹೊಲಿದೆ. ಕಳ್ಳ ಒಂದು ಸಾಲು ಕದ್ದರೆ ನಾನು ಎರಡು ಹಾಕುತ್ತೇನೆ, ನೋಡೇ ಬಿಡೋಣ! ಶನಿವಾರ ಎಣಿಸಿದೆ. ಹದಿನೈದಕ್ಕೆ ಹನ್ನೆರಡು ಸೇರಿ ಇಪ್ಪತ್ತೇಳು ಇರಬೇಕಾದಲ್ಲಿ ಹದಿನೇಳು! ಹೊಸ ಬೀಗ ಇದ್ದೂ, ಕಾವಲು ಇದ್ದೂ ಹತ್ತು ಸಾಲು ಮಾಯ. ಹಿಂದಿನ ಒಂಬತ್ತು, ಈಗಿನ ಹತ್ತು, ಒಟ್ಟು ಹತ್ತೊಂಬತ್ತು.

"ಅಮ್ಮ, ಯಾರಾದ್ರೂ ಬಂದಿದ್ರಾ?"

"ಒಂದು ನರಪಿಳ್ಳೇನೂ ಬಂದಿಲ್ಲ. ನಾನು ಕಣ್ಣು ಮುಚ್ಚಿದ್ರೆ ತಾನೇ? ನಿದ್ದೆ ಎಲ್ಲಿದೆ ನಂಗೆ?"

ಅವಳ ಕಣ್ಣಿನ ಕೆಳಗೆ ಕಪ್ಪಾಗಿತ್ತು. ಬೆಳಗಿನ ಗಾಳಿಗೆ ಆಗಲೇ ತಂಪು ಬಂದಿತ್ತು. ಇದೇ ಲೆಕ್ಕದಲ್ಲಿ ಹೋದರೆ ಕೌದಿ ಮುಗಿಯುವುದಕ್ಕೆ ಮುಂಚೆ ಅಮ್ಮ ಸೊರಗಿ ಹೋಗುತ್ತಾಳೆ. ಭಾನುವಾರ ಬೆಳಿಗ್ಗೆ ಕೌದಿಯನ್ನು ಸುತ್ತಿ ಹೆಗಲಿಗೆ ಹಾಕಿಕೊಂಡು, ಬಾಗಿಲ ಪಟ್ಟಿ ಕಿತ್ತುಕೊಂಡು ಪೊಲೀಸ್ ಠಾಣೆಗೆ ನಡೆದೆ. "ರೀ, ಮಾನ ಕಳೀಬೇಡಿ," ಎಂದು ನಮ್ಮನೆಯವಳು ಬಾಗಿಲ ತನಕ ಬಂದಳು. ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಠಾಣೆಯಲ್ಲಿ ಮೀಸೆ ನರೆತ ಹೆಡ್ ಕಾನ್‌ಸ್ಟೇಬಲ್ ಒಬ್ಬರು ಕೂತಿದ್ದರು. ಪೆನ್ನು ತೆಗೆದರು.

"ಏನು ಕಳುವಾಗಿದೆ?"

"ಹತ್ತೊಂಬತ್ತು ಸಾಲು ಹೊಲಿಗೆ."

ಅವರು 'ಹತ್ತೊಂಬತ್ತು' ಎಂದು ಬರೆದು ಪೆನ್ನು ನಿಲ್ಲಿಸಿದರು. "ಹೊಲಿಗೆ ಮಷೀನಾ?"

"ಅಲ್ಲ ಸಾರ್. ಹೊಲಿಗೆ."

"ಬಟ್ಟೆ?"

"ಬಟ್ಟೆ ಇದೆ. ಇಗೋ ಇದೇ."

"ಅಂದ್ರೆ ಕಳ್ಳ ಬಂದ. ಬೀಗ ಮುಟ್ಟಲಿಲ್ಲ. ಬೀರು ಮುಟ್ಟಲಿಲ್ಲ. ಕೂತ್ಕೊಂಡು ನಿಧಾನಕ್ಕೆ ಹೊಲಿಗೆ ಬಿಚ್ಚಿ, ಬಟ್ಟೆ ಮಡಿಸಿಟ್ಟು, ನೂಲು ಜೇಬಿಗೆ ಹಾಕ್ಕೊಂಡು ಹೋದ?"

"ಹೌದು ಸಾರ್. ನೀವು ಬೇಗ ಅರ್ಥ ಮಾಡ್ಕೊಂಡ್ರಿ. ನಮ್ಮ ಕಟ್ಟಡದವರಿಗೆ ಒಂದು ತುರ್ತು ಸಭೆಯೇ ಬೇಕಾಯ್ತು."

ಅವರು ಪಟ್ಟಿ ಬಿಡಿಸಿ ಓದಿದರು. 'ಕಾವಲು: ಅಮ್ಮ' ಎಂಬಲ್ಲಿ ಅವರ ಬೆರಳು ನಿಂತಿತು.

"ಹಗಲು ಮನೇಲಿ ಯಾರಿರ್ತಾರೆ?"

"ನಮ್ಮಮ್ಮ ಒಬ್ಳೇ. ಕಣ್ಣು ಕಾಣಲ್ಲ."

"ಹಳೇ ಕೌದಿ ಹೊಲಿದಿದ್ದು ಯಾರು?"

"ಅಮ್ಮನೇ."

ಹೆಡ್ ಕಾನ್‌ಸ್ಟೇಬಲ್ ಕೌದಿಯನ್ನು ಮೇಜಿನ ಮೇಲೆ ಹರಡಿ ಉಳಿದಿದ್ದ ಸಾಲುಗಳ ಮೇಲೆ ಹೆಬ್ಬೆರಳು ಎಳೆದರು. ಆಮೇಲೆ ಬರೀ ತೂತು ಉಳಿದಿದ್ದ ಜಾಗ ನೋಡಿದರು. ಒಂದು ತೂತಿನಿಂದ ಇನ್ನೊಂದಕ್ಕೆ ತಮ್ಮ ಹೆಬ್ಬೆರಳಿಟ್ಟು ಅಳೆದರು. ಪೂರ್ತಿ ಹೆಬ್ಬೆರಳು ಹಿಡಿಸಿತು.

"ಸಾರ್, ಇಲ್ಲಿ ಹಾಕಿದ್ದು ಹೊಲಿಗೇನಾ, ಮೀನಿನ ಬಲೇನಾ?"

"ಕೆಲಸದ ವೇಗ ಸಾರ್. ವಾರದ ಗುರಿ ಮುಟ್ಟಬೇಕಲ್ಲ?"

ಅವರ ಮೀಸೆ ಅಲ್ಲಾಡಿತು. ಪೆನ್ನಿನ ಮುಚ್ಚಳ ಹಾಕಿದರು. "ನಾಳೆ ಮಧ್ಯಾಹ್ನ ಎರಡು ಗಂಟೆಗೆ ಕಚೇರಿಯಿಂದ ರಜಾ ತಗೊಳ್ಳಿ. ನಾನೂ ಬರ್ತೀನಿ. ಯಾರಿಗೂ ಹೇಳ್ಬೇಡಿ. ಕಳ್ಳನ್ನ ಕೈಯಾರೆ ಹಿಡಿಯೋಣ."

ನಾನು ಕಾರ್ಯದರ್ಶಿಗೆ ಮಾತ್ರ ಹೇಳಿದೆ. ಕಾರ್ಯದರ್ಶಿ ಔಷಧಿ ಅಂಗಡಿಯವರಿಗೆ ಮಾತ್ರ ಹೇಳಿದರು. ಸೋಮವಾರ ಎರಡು ಗಂಟೆಗೆ ಗೇಟಿನ ಹತ್ತಿರ ಹನ್ನೊಂದು ಜನ ಸೇರಿದ್ದರು. ಸಂಗೀತದ ಮೇಡಂ ಬೆಕ್ಕನ್ನೂ ತಂದಿದ್ದರು. ಕಳ್ಳನನ್ನು ಹಿಡಿಯುವ ಹೊತ್ತಿಗೆ ತಮ್ಮ ಬೆಕ್ಕು ಎಲ್ಲಿತ್ತು ಎಂಬುದಕ್ಕೆ ಸಾಕ್ಷಿ ಬೇಕಂತೆ. ಗ್ರಂಥಾಲಯದಿಂದ ನಮ್ಮನೆಯವಳೂ ಬಂದುಬಿಟ್ಟಿದ್ದಳು. ಹೆಡ್ ಕಾನ್‌ಸ್ಟೇಬಲ್ ತಲೆ ಚಚ್ಚಿಕೊಂಡರು.

ಚಪ್ಪಲಿ ಕೈಯಲ್ಲಿ ಹಿಡಿದು ಎಲ್ಲರೂ ಮೆಟ್ಟಿಲು ಹತ್ತಿದೆವು. ಔಷಧಿ ಅಂಗಡಿಯವರ ಮಂಡಿ ಪ್ರತಿ ಮೆಟ್ಟಿಲಿಗೂ ಚಟ್ ಅನ್ನುತ್ತಿತ್ತು. ನಾನು ಹೊಸ ಬೀಗಕ್ಕೆ ಉಸಿರು ಬಿಗಿಹಿಡಿದು ಕೀಲಿ ತಿರುಗಿಸಿದೆ. ಬಾಗಿಲು ಸದ್ದಿಲ್ಲದೆ ತೆರೆಯಿತು.

ಅಮ್ಮ ಮಂಚದ ಮೇಲೆ ಕಿಟಕಿಯ ಕಡೆ ತಿರುಗಿ ಕಾಲು ಚಾಚಿ ಕೂತಿದ್ದಳು. ಕೌದಿ ಕಾಲಿನ ಮೇಲಿತ್ತು. ಬಲಗಾಲಿನ ಹೆಬ್ಬೆರಳನ್ನು ಒಂದು ಸಾಲಿನ ಉದ್ದಕ್ಕೂ ಮೆಲ್ಲಗೆ ಎಳೆಯುತ್ತಾ ಹೋಗುತ್ತಿದ್ದಳು. ಬೆರಳು ಎಲ್ಲೂ ನಿಲ್ಲದೆ ಆ ತುದಿ ಮುಟ್ಟಿತು.

"ಇದು ಪಾಸು," ಅಂದಳು ತನಗೆ ತಾನೇ.

ಮುಂದಿನ ಸಾಲಿಗೆ ಬೆರಳಿಟ್ಟಳು. ಎರಡು ಗೇಣು ಹೋಗುವಷ್ಟರಲ್ಲಿ ಒಂದು ಹೊಲಿಗೆಯೊಳಗೆ ಹೆಬ್ಬೆರಳು ಸಲೀಸಾಗಿ ತೂರಿ ಸಿಕ್ಕಿಕೊಂಡಿತು. ಅಮ್ಮ ನಾಲಿಗೆ ಲೊಚಗುಟ್ಟಿದಳು. "ಫೇಲು. ಹೂಂ, ಶನಿವಾರದ್ದಿರ್ಬೇಕು." ದಿಂಬಿನ ಕೆಳಗಿಂದ ಸಣ್ಣ ಕತ್ತರಿ ತೆಗೆದು ಗಂಟು ಕತ್ತರಿಸಿ, ಸರ್ರನೆ ನೂಲೆಳೆದು ಒಂದು ಉಂಡೆಗೆ ಸುತ್ತಿಕೊಂಡಳು. ಉಂಡೆ ಆಗಲೇ ಕಿತ್ತಳೆ ಹಣ್ಣಿನ ಗಾತ್ರ ಇತ್ತು.

ಹಿಂದೆ ಹನ್ನೊಂದು ಜನ ಉಸಿರು ಬಿಡುತ್ತಿಲ್ಲ. ಬೆಕ್ಕು ಮಾತ್ರ ಮಿಯಾಂ ಅಂದಿತು.

ಅಮ್ಮ ತಿರುಗಲಿಲ್ಲ. "ಯಾರದು? ಒಬ್ರಲ್ಲ. ಹತ್ತು ಹನ್ನೆರಡು ಜನ ಇದ್ದೀರಿ. ಮೂರನೇ ಮಹಡಿಯ ಬೆಕ್ಕೂ ಬಂದಿದೆ. ಒಳಗೆ ಬನ್ನಿ, ಬಾಗಿಲಲ್ಲಿ ನಿಂತ್ರೆ ಗಾಳಿ ಬೀಸುತ್ತೆ."

"ಅಮ್ಮ!" ಕೂಗಿಬಿಟ್ಟೆ. "ನೀನಾ?"

"ಮತ್ತೆ ಇನ್ಯಾರು?"

ಹೆಡ್ ಕಾನ್‌ಸ್ಟೇಬಲ್ ಟೊಪ್ಪಿ ತೆಗೆದು ಕಂಕುಳಿಗೆ ಇಟ್ಟುಕೊಂಡರು. "ಅಜ್ಜಿ, ನಾನು ಪೊಲೀಸಿನವನು. ಹತ್ತೊಂಬತ್ತು ಸಾಲು ನೀವೇ ಬಿಚ್ಚಿದ್ದಾ?"

"ಈಗ ಇಪ್ಪತ್ತು, ಸರಿಯಾಗಿ ಬರ್ಕೊಳ್ಳಿ. ಬಿಚ್ಚದೆ ಏನ್ ಮಾಡ್ಲಿ? ಇಷ್ಟುದ್ದ ಹೊಲಿಗೆ ಹಾಕಿದ್ರೆ ನಿದ್ದೇಲಿ ಕಾಲ್ಬೆರಳು ಒಳಗೆ ತೂರ್ಕೊಳ್ಳುತ್ತೆ. ಹೊರಳಿದ್ರೆ ಬೆರಳೇ ಮುರಿಯುತ್ತೆ. ನಾನು ನಲವತ್ತು ವರ್ಷ ಹೊದ್ದ ಕೌದೀಲಿ ಒಂದು ದಿನಾನೂ ಬೆರಳು ಸಿಕ್ಕಿಲ್ಲ."

"ಯಾರೂ ಮುಟ್ಟಕೂಡದು ಅಂತ ಹೇಳಿದ್ನಲ್ಲಮ್ಮ!"

"ಯಾರೂ ಹೊಲಿಗೆ ಹಾಕಕೂಡದು ಅಂದೆ. ತೆಗೀಬಾರ್ದು ಅಂದಿದ್ಯಾ? ನಾನೊಂದು ಹೊಲಿಗೇನೂ ಹಾಕಿಲ್ಲ. ಬೇಕಾದ್ರೆ ಪೊಲೀಸಿನವರನ್ನೇ ಕೇಳು."

"ಅಜ್ಜಿ ಹೇಳೋದು ಕಾನೂನು ಪ್ರಕಾರ ಸರಿ," ಅಂದರು ಹೆಡ್ ಕಾನ್‌ಸ್ಟೇಬಲ್.

ನಮ್ಮನೆಯವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಗೋಡೆಗೆ ಒರಗಿದ್ದಳು. ಅವಳ ಭುಜ ಅಲುಗುತ್ತಿತ್ತು. ಕಾರ್ಯದರ್ಶಿ ಮೆಲ್ಲಗೆ ಸೀಟಿಯನ್ನು ಅಂಗಿಯೊಳಗೆ ಇಳಿಬಿಟ್ಟರು. ನನಗೆ ಮಾತ್ರ ನಗು ಬರಲಿಲ್ಲ. ಕೋಪ ಬಂತು.

"ನನ್ಗೆ ಒಂದು ಮಾತು ಹೇಳ್ಬಾರ್ದಿತ್ತಾ? ಊರೆಲ್ಲ ಕಳ್ಳ ಕಳ್ಳ ಅಂತ ಓಡಾಡಿದ್ನಲ್ಲ! ನಿದ್ದೆಯಿಲ್ದೆ ಸಾಯ್ತಿರೋಳು ನೀನು. ಹೇಗೋ ಒಂದು ಮುಗೀಲಿ ಅಂತ ಇರ್ಬಾರ್ದಿತ್ತಾ?"

ಅಮ್ಮ ಉಂಡೆಯನ್ನು ಮಡಿಲಲ್ಲಿಟ್ಟುಕೊಂಡು ನಾನು ನಿಂತ ಕಡೆ ತಿರುಗಿದಳು.

"ಎರಡು ತಿಂಗಳು ನಿದ್ದೆಗೆಟ್ರೆ ಏನೂ ಆಗಲ್ಲ ಕಣೋ. ಇನ್ನು ಹದಿನೈದು ವರ್ಷ ಕಾಲ್ಬೆರಳು ಸಿಕ್ಕಿಸ್ಕೊಂಡು ಯಾರು ಮಲಗ್ತಾರೆ?" ಆಮೇಲೆ ದನಿ ತಗ್ಗಿಸಿದಳು. ಹನ್ನೊಂದು ಜನ ಇರುವ ಕೋಣೆಯಲ್ಲಿ ದನಿ ತಗ್ಗಿಸಿದರೆ ಎಲ್ಲರೂ ಮುಂದಕ್ಕೆ ಬಗ್ಗುತ್ತಾರೆ, ಬಗ್ಗಿದರು. "ಹೇಳಿದ್ರೆ ನೀನು ಬಿಟ್ಟುಬಿಡ್ತಿದ್ದೆ. ಚಿಕ್ಕೋನಿದ್ದಾಗ ಒಂದು ಮಗ್ಗಿ ತಪ್ಪು ಅಂದ್ರೆ ಸ್ಲೇಟು ಎಸೆದು ಮಂಚದ ಕೆಳಗೆ ಸೇರ್ಕೋತಿದ್ದೆ. ಇಷ್ಟು ವಯಸ್ಸಾದ ಮೇಲೆ ಒಂದು ಕೆಲಸ ಹಿಡಿದು ಬಿಡದೆ ಕೂತಿದ್ದೀಯಲ್ಲ, ಅದನ್ನ ನಾನ್ಯಾಕೆ ಕೆಡಿಸ್ಲಿ? ನಿನ್ನ ಸೋಮವಾರದ ಸಾಲು ಎಷ್ಟು ಚೆನ್ನಾಗಿರುತ್ತೆ ಗೊತ್ತಾ? ನಿನಗೆ ಹೊಲಿಯೋಕೆ ಬರುತ್ತೆ ಕಣೋ. ಆ ಬಾಗಿಲ ಕಾಗದಕ್ಕೆ ಓಡ್ತೀಯಲ್ಲ, ಆಗ ಕೆಡುತ್ತೆ."

ನನಗೆ ಮಂಚದ ಕೆಳಗೆ ಸೇರಿಕೊಳ್ಳೋಣ ಎನ್ನಿಸಿತು, ಆದರೆ ಅಷ್ಟು ಜಾಗ ಇರಲಿಲ್ಲ. ಅಮ್ಮನ ಕಾಲ ಬಳಿ ಕೂತುಬಿಟ್ಟೆ.

"ಕೇಸು ವಜಾ," ಎಂದು ಹೆಡ್ ಕಾನ್‌ಸ್ಟೇಬಲ್ ಟೊಪ್ಪಿ ಹಾಕಿಕೊಂಡರು. "ಮುಗಿದಾಗ ಹೇಳಿ ಕಳಿಸಿ ಸಾರ್. ನೋಡ್ಬೇಕು."

"ಹಾಗಾದ್ರೆ ನನ್ನ ಪ್ಯಾಂಟು?" ಎಂದರು ಔಷಧಿ ಅಂಗಡಿಯವರು ಸಣ್ಣ ದನಿಯಲ್ಲಿ. ಅಷ್ಟರಲ್ಲಿ ಎಲ್ಲರೂ ಚಪ್ಪಲಿ ಹಾಕಿಕೊಂಡು ಹೊರಟಿದ್ದರು.

ಅಂದು ಸಂಜೆಯೇ ಹೊಸ ಪಟ್ಟಿ ಮಾಡಿದೆ. ಪಟ್ಟಿಯೇ ಇಲ್ಲದೆ ಕೆಲಸ ಮಾಡು ಎಂದರೆ ಅದು ನನ್ನಿಂದಾಗದು, ಅಮ್ಮನೂ ಅಷ್ಟು ಕೇಳಲಿಲ್ಲ. ವಾರದ ಗುರಿ ಐದೇ ಸಾಲು. ಶೇಕಡಾ ಕಾಲಂ ಹೊಡೆದುಹಾಕಿ ಆ ಜಾಗದಲ್ಲಿ 'ಹೆಬ್ಬೆರಳ ತಪಾಸಣೆ' ಎಂದು ಬರೆದೆ. ಅಮ್ಮ ಅಕ್ಕಿಕಾಳೊಂದನ್ನು ನನ್ನ ಅಂಗೈಯಲ್ಲಿಟ್ಟು, "ಹೊಲಿಗೆ ಇದಕ್ಕಿಂತ ಉದ್ದ ಆಗ್ಬಾರ್ದು," ಅಂದಳು. ಹೊಸ ನೂಲು ಬೇಡ ಎಂದು ಉಂಡೆಯ ನೂಲನ್ನೇ ಕೊಟ್ಟಳು. ಕದ್ದ ಮಾಲು ಹೀಗೆ ಪೂರ್ತಿ ವಾಪಸಾದದ್ದು ನಮ್ಮ ಠಾಣೆಯ ಮಟ್ಟಿಗೆ ಅಪರೂಪ ಎಂದು ಆಮೇಲೆ ಹೆಡ್ ಕಾನ್‌ಸ್ಟೇಬಲ್ ಹೇಳಿದರು.

ಎಂಟು ವಾರ ಕಳೆದು ಚಳಿ ಬಂತು. ಕೌದಿ ಅರ್ಧವೂ ಆಗಿರಲಿಲ್ಲ. ಹಾಗೆಂದು ನಾನು ಓಡಲಿಲ್ಲ. ಹಲ್ಲು ಕಚ್ಚಿ ಅಕ್ಕಿಕಾಳಿನ ಲೆಕ್ಕದಲ್ಲೇ ಹೊಲಿದೆ. ಹೊಲಿದು ಮುಗಿದ ಭಾಗವನ್ನು ಅಮ್ಮ ಮಂಡಿಯ ತನಕ ಹೊದ್ದು ಕೂತರೆ, ಉಳಿದ ಭಾಗವನ್ನು ನಾನು ಕೆಳಗೆ ಕೂತು ಹೊಲಿಯುತ್ತಿದ್ದೆ. ಒಂದೊಂದು ಸಂಜೆ ಅವಳು ಹಾಗೇ ತೂಕಡಿಸುತ್ತಿದ್ದಳು. ಅರ್ಧ ಕೌದಿಗೆ ಅರ್ಧ ನಿದ್ದೆ ಎಂದು ನಮ್ಮನೆಯವಳು ಅನ್ನುತ್ತಿದ್ದಳು. ಪ್ರತಿ ಶನಿವಾರ ಹೆಬ್ಬೆರಳಿನ ತಪಾಸಣೆ. ನಾಲ್ಕು ವಾರ ಐದಕ್ಕೆ ಮೂರೇ ಪಾಸಾದವು. ಸ್ಲೇಟು ಎಸೆಯಲಿಲ್ಲ, ಕತ್ತರಿ ಇಸಿದುಕೊಂಡು ನಾನೇ ಬಿಚ್ಚಿ ಮತ್ತೆ ಹಾಕಿದೆ. ಮೆಟ್ಟಿಲು ಹತ್ತುವವರು ಪಟ್ಟಿ ಓದಿ, "ಈ ವಾರ ಎಷ್ಟು ಪಾಸು ಸಾರ್?" ಎಂದು ಬಾಗಿಲಲ್ಲೇ ಕೇಳಿಕೊಂಡು ಹೋಗುತ್ತಿದ್ದರು.

ಹದಿನಾರನೇ ವಾರದ ಶನಿವಾರ ಅರವತ್ತನೇ ಸಾಲಿನ ಗಂಟು ಹಾಕಿದೆ. ಅಂಚು ಕಟ್ಟಿದೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹಸ್ತಾಂತರ. ಕಾರ್ಯದರ್ಶಿ, ಔಷಧಿ ಅಂಗಡಿಯವರು, ಸಂಗೀತದ ಮೇಡಂ, ಬೆಕ್ಕು, ರಜೆಯ ದಿನವಾದರೂ ಹೆಡ್ ಕಾನ್‌ಸ್ಟೇಬಲ್, ಎಲ್ಲರೂ ಅಮ್ಮನ ಕೋಣೆಯಲ್ಲಿ ನಿಂತಿದ್ದರು.

ಅಮ್ಮ ಮಲಗಿದಳು. ನಾನೂ ನಮ್ಮನೆಯವಳೂ ಎರಡು ತುದಿ ಹಿಡಿದು ಹೊದಿಸಿದೆವು. ಭಾರಕ್ಕೆ ಅವಳ ಎದೆ ಒಂದು ಸಲ ಕೆಳಗಿಳಿದು ನಿಂತಿತು. "ಹಾಂ..." ಅಂದಳು. ಕೌದಿಯೊಳಗೆ ಹೆಬ್ಬೆರಳು ಸಾಲಿನಿಂದ ಸಾಲಿಗೆ ಓಡಾಡುವುದು ಹೊರಗಿನಿಂದ ಕಾಣುತ್ತಿತ್ತು. ಎಲ್ಲರ ಕಣ್ಣೂ ಅದರ ಮೇಲೆ. ಕೊನೆಯ ಅಂಚಿನ ಹತ್ತಿರ, ಅರವತ್ತನೇ ಸಾಲಿನಲ್ಲಿ, ಬೆರಳು ಹೋಗಿ ನಿಂತುಬಿಟ್ಟಿತು.

ಸಿಕ್ಕಿಕೊಂಡಿತ್ತು.

ಶನಿವಾರ, ಕೊನೆಯ ಸಾಲು, ಕೊನೆಯ ಗೇಣು. ಮುಗಿಯಿತಲ್ಲ ಎಂಬ ಸಂಭ್ರಮಕ್ಕೆ ಕೈ ಓಡಿಬಿಟ್ಟಿದೆ. ಕತ್ತರಿ ಹಿಡಿದು ಮಂಚ ಸುತ್ತಿ ಓಡಿದೆ. "ಅಲ್ಲಾಡ್ಬೇಡಮ್ಮ, ಈಗ್ಲೇ ಬಿಚ್ಚಿ ಹಾಕ್ತೀನಿ. ಹತ್ತೇ ನಿಮಿಷ!"

"ಕತ್ತರಿ ಒಳಗಿಡು."

"ಬೆರಳು ಸಿಕ್ಕಿದೆಯಲ್ಲಮ್ಮ! ಫೇಲು ತಾನೇ?"

"ಫೇಲೇ," ಅಂದಳು ಅಮ್ಮ. ಕಣ್ಣು ಆಗಲೇ ಮುಚ್ಚಿತ್ತು. "ಒಂದು ಇರ್ಲಿ ಬಿಡೋ. ಬೆರಳು ಸಿಕ್ಕಿದಾಗ ಇದು ನನ್ನ ಮಗ ಹೊಲಿದಿದ್ದು ಅಂತ ಗೊತ್ತಾಗ್ಲಿ."

ಇನ್ನೇನೋ ಹೇಳುತ್ತಾಳೆಂದು ನಾವೆಲ್ಲ ಕಾದೆವು. ಕಾರ್ಯದರ್ಶಿ ಬಗ್ಗಿ ಕಿವಿಗೊಟ್ಟರು. ಅಷ್ಟರಲ್ಲಿ ಸಣ್ಣಗೆ ಗೊರಕೆ ಶುರುವಾಯಿತು. ನಾಲ್ಕು ತಿಂಗಳ ಮೇಲೆ ಕೇಳಿದ ಗೊರಕೆ. ಬೆಕ್ಕು ಮೇಡಂ ತೋಳಿನಿಂದ ಜಾರಿ ಹೋಗಿ ಅಮ್ಮನ ಕಾಲ ಬಳಿ ಕೌದಿಯ ಮೇಲೆ ಮುದುಡಿಕೊಂಡಿತು. ಯಾರೂ ಎಬ್ಬಿಸಲಿಲ್ಲ. ಬಂದಿದ್ದವರೆಲ್ಲ ಮತ್ತೆ ಚಪ್ಪಲಿ ಕೈಯಲ್ಲಿ ಹಿಡಿದು, ತುದಿಗಾಲಲ್ಲಿ ಮೆಟ್ಟಿಲಿಳಿದು ಹೋದರು.

ನಾನು ಬಾಗಿಲ ಪಟ್ಟಿಗೆ ಕೊನೆಯ ವರದಿ ಬರೆದೆ. ಗುರಿ ಅರವತ್ತು, ಸಾಧನೆ ಐವತ್ತೊಂಬತ್ತು, ಬಾಕಿ ಒಂದು. ಇಪ್ಪತ್ತಾರು ವರ್ಷದಲ್ಲಿ ನಾನು ಬಾಕಿ ತೋರಿಸಿದ ಮೊದಲ ವರದಿ ಅದು. ಮೇಲಧಿಕಾರಿ ಸಹಿಗೆಂದು ಬಿಟ್ಟ ಜಾಗ ಖಾಲಿಯೇ ಇದೆ, ಯಾಕೆಂದರೆ ಮೇಲಧಿಕಾರಿ ಸಂಜೆ ಆರಾದರೂ ಎದ್ದಿರಲಿಲ್ಲ.